ನೂರ ಹನ್ನೆರಡು ಹೆಜ್ಜೆಯ ಲೆನ್ಸ್

ನಿವೃತ್ತಿಯ ದಿನ ಕಚೇರಿಯವರು ನನಗೆ ಕ್ಯಾಮೆರಾ ಕೊಟ್ಟರು, ಲೆನ್ಸ್ ಕೊಡಲಿಲ್ಲ. ಸರ್ವೆ ಕಚೇರಿಯ ಜನ ಹಾಗೇ. ಮೂವತ್ತೊಂದು ವರ್ಷ ಅವರ ಜೊತೆ ಹೊಲಗದ್ದೆಗಳಲ್ಲಿ ಸರಪಳಿ ಎಳೆದವನು ನಾನು, ನನಗೇನೂ ಆಶ್ಚರ್ಯವಾಗಲಿಲ್ಲ. ಡಬ್ಬಿ ದೊಡ್ಡದಿತ್ತು, ಮೇಲೆ ಹೊಳೆಯುವ ಕಾಗದ ಸುತ್ತಿತ್ತು, ಸಾಹೇಬರು ಭಾಷಣ ಮಾಡಿ ಹಾರ ಹಾಕಿದರು. ಮನೆಗೆ ತಂದು ಬಿಚ್ಚಿದರೆ ಒಳಗೆ ಕಪ್ಪನೆಯ ಡಿಜಿಟಲ್ ಕ್ಯಾಮೆರಾ, ಅದರ ಮುಂದೆ ಬಿಲ್ಲೆಯಂಥ ಒಂದು ಮುಚ್ಚಳ. ಮುಚ್ಚಳ ತೆಗೆದರೆ ಬರೀ ತೂತು. ನನ್ನ ಹೆಂಡತಿ ಪಂಕಜಾಕ್ಷಿ ಅದರೊಳಗೆ ಇಣುಕಿ ನೋಡಿ, "ಕಣ್ಣೇ ಇಲ್ವಲ್ರೀ ಇದಕ್ಕೆ" ಅಂದಳು.

ಮಗಳು ಸಿಂಚನ ಓದಿದವಳು, ಅವಳಿಗೆ ಗೊತ್ತಿತ್ತು. "ಲೆನ್ಸ್ ಬೇರೆ ತಗೋಬೇಕು ಕಣಪ್ಪಾ. ದಿನಾ ಕೊರಳಿಗೆ ಹಾಕ್ಕೊಂಡು ಓಡಾಡೋಕೆ ಒಂದೇ ಒಂದು ಸಾಕು. ಆದ್ರೆ ಯೋಚನೆ ಮಾಡಿ ಆರಿಸು" ಅಂದಳು. ಅವಳ ಮದುವೆಗೆ ಇನ್ನು ಮೂರು ವಾರವಿತ್ತು. ಮನೆ ತುಂಬ ಪಾತ್ರೆ, ಪಂಚೆ, ಸೀರೆ. ನನಗೋ ಲೆನ್ಸಿನದೇ ಧ್ಯಾನ.

ನಮ್ಮೂರಿನಲ್ಲಿ ಫೋಟೋ ತೆಗೆಯುವುದು ಹುಡುಗಾಟದ ಮಾತಲ್ಲ. ನೀವು ಒಬ್ಬರ ಫೋಟೋವನ್ನು ಎಷ್ಟು ದೂರ ನಿಂತು ತೆಗೆಯುತ್ತೀರೋ, ಆ ಫೋಟೋ ಇರುವ ತನಕ ನೀವೂ ಅವರೂ ಅದಕ್ಕಿಂತ ಹತ್ತಿರ ಬರುವಂತಿಲ್ಲ. ನೋವಿಲ್ಲ, ಏನಿಲ್ಲ, ಕಾಲು ಸುಮ್ಮನೆ ನಿಂತುಬಿಡುತ್ತದೆ. ಫೋಟೋ ಸುಟ್ಟರೆ ಅಥವಾ ಅಳಿಸಿದರೆ ಮತ್ತೆ ಮೊದಲಿನ ಹಾಗೆ. ಮರಕ್ಕೆ, ಕೆರೆಗೆ, ಗುಡ್ಡಕ್ಕೆ ಈ ಲೆಕ್ಕವಿಲ್ಲ, ಉಸಿರಾಡುವ ಜೀವಕ್ಕೆ ಮಾತ್ರ. ಇದರಿಂದ ಅನುಕೂಲವೂ ಉಂಟು. ನಮ್ಮ ಬೀದಿಯ ಪೋಸ್ಟ್‌ಮ್ಯಾನು ಕಚ್ಚುವ ನಾಯಿಯೊಂದರ ಫೋಟೋವನ್ನು ಬೀದಿಯ ಆ ತುದಿಯಿಂದ ತೆಗೆದು ಜೇಬಿನಲ್ಲಿಟ್ಟುಕೊಂಡಿದ್ದಾನೆ. ಅವನು ಈ ತುದಿಗೆ ಬಂದರೆ ನಾಯಿ ಆ ತುದಿಯಲ್ಲಿ ನಿಂತು ಬೊಗಳುತ್ತದೆ.

ಮನುಷ್ಯರನ್ನು ಮಾತ್ರ ಒಂದು ಮೊಳ ದೂರದಿಂದಲೇ ತೆಗೆಯುವುದು ರೂಢಿ. ಮೊಳವಾದರೆ ಕೈಗೆ ಕೈ ಎಟುಕುತ್ತದೆ, ಕಾಫಿ ಲೋಟ ಕೊಡಬಹುದು, ಈಸಿಕೊಳ್ಳಬಹುದು. ಹೀಗಾಗಿ ನಮ್ಮೂರಿನ ಎಲ್ಲ ಫೋಟೋಗಳಲ್ಲೂ ಎಲ್ಲರದ್ದೂ ಮೂಗು ದೊಡ್ಡದು. ಕ್ಯಾಮೆರಾ ಮುಖದ ಮೇಲೇ ಬಂದು ಕೂತರೆ ಇನ್ನೇನಾಗುತ್ತದೆ. ಕಿವಿ ಹಿಂದೆಲ್ಲೋ ಹೋಗಿರುತ್ತದೆ, ಕಣ್ಣು ಬೆದರಿರುತ್ತದೆ, ನಡುವೆ ಮೂಗು. ಮೊಬೈಲು ಬಂದ ಮೇಲೂ ಕೈ ಚಾಚಿದಷ್ಟೇ ದೂರ, ಅದೇ ಮೂಗು. ಗಂಡ ಹೆಂಡತಿಯದು, ತಾಯಿ ಮಗುವಿನದು ಆ ಮೊಳವೂ ಬೇಡವೆಂದು ತೆಗೆಯುವುದೇ ಇಲ್ಲ. ಅದಕ್ಕೆಂದೇ ಪೇಟೆಬೀದಿಯಲ್ಲಿ ಜಬ್ಬಾರ್ ಸಾಹೇಬರ ಸ್ಟುಡಿಯೋ ಇದೆ. ಅವರು ಊರಿನವರೆಲ್ಲರ ಫೋಟೋ ತೆಗೆದಿದ್ದಾರೆ, ಆದ್ದರಿಂದ ಊರಿನ ಯಾರನ್ನೂ ಅಪ್ಪಿಕೊಳ್ಳಲಾಗದ ಮನುಷ್ಯ ಅವರೊಬ್ಬರೇ. ಹಬ್ಬದ ದಿನವೂ ಕೈ ಕುಲುಕಿ ಸುಮ್ಮನಾಗುತ್ತಾರೆ.

ಲೆನ್ಸ್ ಮಾರುವವರೂ ಅವರೇ. ನಾನು, ಪಂಕಜಾಕ್ಷಿ ಇಬ್ಬರೂ ಹೋದೆವು. ಸಾಹೇಬರು ಗಾಜಿನ ಕಪಾಟಿನಿಂದ ಎರಡು ತೆಗೆದು ಮೇಜಿನ ಮೇಲಿಟ್ಟರು. ಒಂದು ಗಿಡ್ಡ, ನಿಂಬೆಹಣ್ಣಿನಷ್ಟು. ಇನ್ನೊಂದು ಸೇರಿನಷ್ಟು ದಪ್ಪ, ತಿರುಗಿಸಿದರೆ ಮೂತಿ ಮುಂದಕ್ಕೆ ಬರುತ್ತದೆ.

"ಇದು ಮೂವತ್ತೈದು ಎಂಎಂ" ಅಂದರು ಗಿಡ್ಡದ್ದನ್ನು ಮುಟ್ಟಿ. "ಹಗುರ. ಬೆಳಕು ಕಮ್ಮಿ ಇದ್ರೂ ಪರವಾಗಿಲ್ಲ. ಆದ್ರೆ ಎಷ್ಟು ಕಾಣ್ತದೋ ಅಷ್ಟೇ. ದೊಡ್ಡದಾಗಿ ಬೇಕು ಅಂದ್ರೆ ನೀವೇ ಎದ್ದು ಹೋಗ್ಬೇಕು. ದಿನಾ ಓಡಾಡೋಕೆ ನನ್ನ ಕೇಳಿದ್ರೆ ಇದೇ ಸರಿ."

"ಅದು?"

"ಅದು ಹದಿನೆಂಟರಿಂದ ಇನ್ನೂರು. ನಿಂತ ಕಡೆನೇ ದೂರದ್ದು ಹತ್ರ ಬರ್ತದೆ. ತರಿಸಿ ವರ್ಷ ಆಯ್ತು, ಊರಲ್ಲಿ ಒಬ್ರೂ ತಗೊಂಡಿಲ್ಲ. ಇದರಲ್ಲಿ ತೆಗೆದ್ರೆ ಅಳತೆ ಹೆಂಗೆ ಹಿಡೀತದೋ ನನಗೂ ಗೊತ್ತಿಲ್ಲ ಸರ್ವೆಯವ್ರೇ."

ಅಳತೆ ಅಂದದ್ದು ನನ್ನ ಕಿವಿಗೆ ಚುರುಕ್ಕೆಂದಿತು. ಊರಿನ ಇಂಚಿಂಚು ಅಳೆದವನಿಗೆ ಅಳತೆಯ ಪಾಠ. ಸಾಲದ್ದಕ್ಕೆ ನನ್ನ ಎಡಮಂಡಿ ಅಷ್ಟಕ್ಕಷ್ಟೆ, ಪ್ರತಿಯೊಂದಕ್ಕೂ ಎದ್ದು ಹತ್ತಿರ ಹೋಗುವ ಲೆನ್ಸ್ ಕಟ್ಟಿಕೊಂಡು ನಾನೇನು ಮಾಡಲಿ. ಪಂಕಜಾಕ್ಷಿ ಗಿಡ್ಡದ್ದನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದಳು. "ಇದನ್ನೇ ತಗೊಳ್ಳಿ. ನೀವೂ ಸ್ವಲ್ಪ ನಾಲ್ಕು ಜನದ ಹತ್ರ ಹೋದ ಹಾಗಾಗುತ್ತೆ" ಅಂದಳು. ನಾನು ದೊಡ್ಡದನ್ನೇ ತೆಗೆದುಕೊಂಡೆ. ಹೆಂಡತಿ ಹೇಳಿದ್ದನ್ನು ಅಂಗಡಿಯಲ್ಲಿ ಒಪ್ಪಿಕೊಳ್ಳುವ ಅಭ್ಯಾಸ ನನಗಿರಲಿಲ್ಲ.

ಮೊದಲ ಒಂದು ವಾರ ಸ್ವರ್ಗ. ಬೆಳಿಗ್ಗೆ ಕೆರೆ ಏರಿಯ ಮೇಲೆ ಹೋಗುವುದು, ಕಲ್ಲಿನ ಮೇಲೆ ಕೂತು ಮೂತಿ ತಿರುಗಿಸುವುದು. ಆಚೆ ದಡದ ಹುಣಸೆಮರ ಎದುರಿಗೇ ಬಂದು ನಿಲ್ಲುತ್ತಿತ್ತು. ಎಂಟನೆಯ ದಿನ ಏರಿಯ ಮೇಲಿಂದ ನಮ್ಮ ಮನೆಯ ಕಡೆ ತಿರುಗಿಸಿದೆ. ಪಂಕಜಾಕ್ಷಿ ತಾರಸಿಯ ಮೇಲೆ ಮದುವೆಗೆಂದು ಸಂಡಿಗೆ ಇಡುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಮುಂಗೂದಲಿಗೆ ಹಿಟ್ಟು ಮೆತ್ತಿತ್ತು. ತಲೆ ಎತ್ತಿ ನನ್ನ ಕಡೆ ನೋಡಿದಳು, ನೋಡಿ ನಕ್ಕಳು. ಮೂತಿಯನ್ನು ಪೂರ್ತಿ ತಿರುಗಿಸಿದೆ, ಸಾಲದೆಂದು ಕ್ಯಾಮೆರಾದ ಹಿಗ್ಗಿಸುವ ಗುಂಡಿಯನ್ನೂ ಒತ್ತಿದೆ, ಮುಖ ಚೌಕಟ್ಟಿನ ತುಂಬ ಬಂತು.

ಇಲ್ಲೇ ನಾನು ಕೆಟ್ಟದ್ದು. ಚಿಕ್ಕಂದಿನಿಂದ ನಮಗೆ ಹೇಳಿಕೊಟ್ಟಿರುವುದು ಒಂದೇ ಅಳತೆ: ಮುಖ ಚೌಕಟ್ಟು ತುಂಬಿತೋ, ಅದು ಮೊಳ. ಊರಿನಲ್ಲಿ ಯಾರೂ ಟೇಪು ಹಿಡಿಯುವುದಿಲ್ಲ, ಚೌಕಟ್ಟು ನೋಡಿಯೇ ಹೇಳುತ್ತಾರೆ. ಹೆಂಡತಿಯ ಫೋಟೋ ತೆಗೆಯಬಾರದೆಂಬುದು ಗೊತ್ತಿತ್ತು. ಆದರೆ ಮೊಳ ತಾನೇ, ಮನೆಗೆ ಹೋಗಿ ಅವಳಿಗೊಮ್ಮೆ ತೋರಿಸಿ ಅಳಿಸಿದರಾಯಿತು, ಡಿಜಿಟಲ್ ಅಲ್ಲವೇ ಅಂದುಕೊಂಡೆ. ಕ್ಲಿಕ್ಕಿಸಿದೆ.

ಬೀದಿಯ ಕಡೆಯಿಂದ ಸುತ್ತಿ ಮನೆಗೆ ಹೊರಟವನ ಕಾಲು ಹಿಟ್ಟಿನ ಗಿರಣಿಯ ಮುಂದೆ ನಿಂತಿತು. ಮುಂದಿಡಲು ಹೋದರೆ ಬರಲಿಲ್ಲ. ಮಂಡಿ ಹಿಡಿಯಿತೇನೋ ಎಂದು ನೀವಿಕೊಂಡೆ. ಆಮೇಲೆ ತಿಳಿಯಿತು. ತಲೆಯ ಮೇಲೆ ಕೈಹೊತ್ತು ಗಿರಣಿಯ ಜಗಲಿಯ ಮೇಲೆ ಕೂತೆ. ಗಿರಣಿಯಿಂದ ನಮ್ಮ ಮನೆಗೆ ನೂರ ಹನ್ನೆರಡು ಹೆಜ್ಜೆ, ಏರಿಯಿಂದ ತಾರಸಿಗೂ ಅಷ್ಟೇ. ಚೌಕಟ್ಟನ್ನು ಅಳೆದದ್ದು ನಾನು. ಊರು ನನ್ನ ಪಾದದಿಂದ ಅವಳ ಪಾದಕ್ಕೆ ಅಳೆದಿತ್ತು.

ಫೋನು ಮಾಡಿದ್ದಕ್ಕೆ ಸಿಂಚನ ಓಡಿಬಂದಳು. ನಡೆದದ್ದನ್ನು ಹೇಳಿದೆ. ಅವಳು ಫೋಟೋ ನೋಡಿದಳು, ತುಂಬ ಹೊತ್ತು ನೋಡಿದಳು. ನಾನು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ, "ಒಂದ್ನಿಮಿಷ ಇರಪ್ಪಾ, ಅಮ್ಮ ಒಂದ್ಸಲ ನೋಡ್ಲಿ" ಎಂದು ಕ್ಯಾಮೆರಾ ಕಿತ್ತುಕೊಂಡು ಹೋದಳು. ಹೋದದ್ದು ಹೋಯಿತು. ಅರ್ಧ ಗಂಟೆಯ ನಂತರ ಪಂಕಜಾಕ್ಷಿಯ ಫೋನು ಬಂತು.

"ಇದನ್ನ ಅಳಿಸಲ್ಲ ನಾನು" ಅಂದಳು.

"ತಮಾಷೆ ಮಾಡ್ಬೇಡ ಮಾರಾಯ್ತಿ. ಇನ್ನು ಹದಿಮೂರು ದಿನಕ್ಕೆ ಧಾರೆ. ನಾನು ಮಗಳ ಕೈ ಹಿಡ್ಕೋಬೇಕು, ನೀನು ಹಾಲು ಎರೀಬೇಕು. ನೂರ ಹನ್ನೆರಡು ಹೆಜ್ಜೆ ದೂರದಿಂದ ಹೆಂಗೆ ಎರೀತೀಯ?"

"ನಿಮ್ಮಮ್ಮ ನನ್ನ ಹೆಣ್ಣು ನೋಡೋಕೆ ಬರೋಕ್ಕೂ ಮುಂಚೆ ನನ್ನ ಫೋಟೋ ನೋಡಿ ಏನಂದಿದ್ರು, ನೆನಪಿದೆಯಾ?" ಅಂದಳು.

ನೆನಪಿತ್ತು. ಹುಡುಗಿ ಪರವಾಗಿಲ್ಲ, ಮೂಗೊಂದು ಸ್ವಲ್ಪ ಜಾಸ್ತಿ ಅಂದಿದ್ದಳು ನಮ್ಮಮ್ಮ. ಅದು ಹೇಗೋ ಇವಳ ಕಿವಿಗೆ ಬಿದ್ದಿತ್ತು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ, ಇವಳು ನಗುವಾಗ ಮೂಗಿನ ಮೇಲೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದುದನ್ನು ನಾನು ಗಾಂಭೀರ್ಯ ಅಂದುಕೊಂಡಿದ್ದೆ.

"ಮೂಗು ಸರಿಯಾಗಿದೆ ಕಣ್ರೀ ನಂದು" ಅಂದಳು. "ಕನ್ನಡಿ ಮುಂದೆ ಯಾರಾದ್ರೂ ನಗ್ತಾರಾ? ನಾನು ನಕ್ರೆ ಹಿಂಗಿರ್ತೀನಿ ಅಂತ ನನಗೆ ಗೊತ್ತೇ ಇರ್ಲಿಲ್ಲ." ಫೋನು ಇಟ್ಟಳು. ಕ್ಯಾಮೆರಾವನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟು ಬೀಗ ಹಾಕಿದಳಂತೆ.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ನಾಚಿಕೆಯಾಯಿತು. ಅವಳ ಮೂಗು ಸರಿಯಾಗಿದೆಯೆಂದು ಹೆಣ್ಣು ನೋಡಿದ ದಿನವೇ ನನಗೆ ಗೊತ್ತಿತ್ತು. ಹೇಳಬೇಕೆಂದು ಒಂದು ದಿನವೂ ಹೊಳೆಯಲಿಲ್ಲ ನೋಡಿ, ಅಂಥ ಮಡೆಯ ನಾನು.

ಜಬ್ಬಾರ್ ಸಾಹೇಬರು ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಜಾಗ ಕೊಟ್ಟರು. ಬಣ್ಣದ ಪರದೆಯ ಮೇಲೆ ಅರಮನೆ, ಜಲಪಾತ, ಅದರ ಕೆಳಗೆ ನನ್ನ ಚಾಪೆ. ಹಗಲೆಲ್ಲ ಗಿರಣಿಯ ಜಗಲಿಯಲ್ಲಿ ಕೂತು ಮದುವೆಯ ಕೆಲಸ ನೋಡುತ್ತಿದ್ದೆ. ಅಲ್ಲಿಂದ ನಮ್ಮ ಮನೆಯ ಬಾಗಿಲು ಕಾಣುತ್ತದೆ. ಎರಡು ದಿನದಲ್ಲಿ ನನಗೊಂದು ವಿದ್ಯೆ ಸಿದ್ಧಿಸಿತು. ಕಾಲು ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಅವಳು ಮನೆಯಲ್ಲಿ ಎಲ್ಲಿದ್ದಾಳೆಂದು ಹೇಳಬಲ್ಲವನಾದೆ. ಜಗಲಿಯ ಅಂಚಿಗೇ ನಿಂತರೆ ನಡುಮನೆ, ನಾಲ್ಕು ಹೆಜ್ಜೆ ಮುಂದೆ ಹೋದರೆ ಅಡುಗೆಮನೆ, ಹತ್ತು ಹೆಜ್ಜೆ ಹೋಗಲು ಬಿಟ್ಟರೆ ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಳೆ. ಆ ಹತ್ತು ಹೆಜ್ಜೆಯ ಆಸೆಗೆ ದಿನಕ್ಕೆ ಇಪ್ಪತ್ತು ಸಲ ಎದ್ದು ನೋಡುತ್ತಿದ್ದೆ. ಒಮ್ಮೆ ಫೋನು ಬಂತು: "ರೀ, ಸ್ವಲ್ಪ ಹಿಂದಕ್ಕೆ ಹೋಗಿ. ಹಿತ್ತಲಿಂದ ಒಳಗೆ ಬರೋಕೆ ಕಾಲು ಬರ್ತಿಲ್ಲ, ಒಲೆ ಮೇಲೆ ಸಾರು ಉಕ್ತಾ ಇದೆ." ಹಿಂದಕ್ಕೆ ಹೋದೆ. ಮಧ್ಯಾಹ್ನ ಸಿಂಚನ ಅದೇ ಸಾರನ್ನು ಕ್ಯಾರಿಯರಿನಲ್ಲಿ ತಂದುಕೊಟ್ಟಳು. ಅನ್ನದ ಮೇಲೆ ಎರಡು ಸಂಡಿಗೆ ಇತ್ತು.

ಮದುವೆಗೆ ಆರು ದಿನ ಉಳಿದಾಗ ಸಾಹೇಬರು ಒಂದು ದಾರಿ ಹೇಳಿದರು. "ನೀವು ತೆಗೆದಿದ್ದಕ್ಕೆ ತಾನೇ ಈ ಪಾಡು? ಬೇರೆ ಯಾರಾದ್ರೂ ಅದೇ ಏರಿ ಮೇಲಿಂದ, ಅದೇ ಲೆನ್ಸಲ್ಲಿ ಇನ್ನೊಂದು ತೆಗೀಲಿ. ನೀವು ಪಕ್ಕದಲ್ಲಿ ನಿಂತು ಅಕ್ಕನ್ನ ನಗಿಸಿ. ಆ ಫೋಟೋ ಅವ್ರಿಗಿರಲಿ, ನಿಮ್ಮದನ್ನ ಅಳಿಸಿ."

ನನಗೆ ಹೋದ ಜೀವ ಬಂದಂತಾಯಿತು. ಪಂಕಜಾಕ್ಷಿಯೂ ಒಪ್ಪಿದಳು. "ಹಾಗಾದ್ರೆ ನೀವೇ ತೆಗೀರಿ ಸಾಹೇಬ್ರೇ" ಅಂದೆ.

ಅವರು ಲೆನ್ಸ್ ಒರೆಸುವ ಬಟ್ಟೆಯನ್ನು ಮಡಿಸತೊಡಗಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ಶುಕ್ರವಾರ ಶುಕ್ರವಾರ ಅಕ್ಕ ಬಾಗಿಲಿಗೆ ಬಂದು ಪಾಯಸ ಕೊಟ್ಟು, ನನ್ನ ಮಂಡಿನೋವು ಹೆಂಗಿದೆ ಅಂತ ಕೇಳಿ ಹೋಗ್ತಾರೆ. ಒಂದು ಮೊಳ ದೂರನೇ ನನಗೆ ಜಾಸ್ತಿಯಾಗಿದೆ ಸರ್ವೆಯವ್ರೇ. ಇನ್ನೂ ದೂರ ಆಗೋದಿಲ್ಲ ನನ್ನ ಕೈಲಿ" ಅಂದರು.

ಗಿರಣಿಯ ಯಜಮಾನನನ್ನು ಕೇಳಿದೆ. ಅವನ ಹೆಂಡತಿಯ ಬಾಣಂತನ ಮಾಡಿದವಳು ಪಂಕಜಾಕ್ಷಿ, ಅವನು ಕೈಮುಗಿದ. ಹೂವಿನವಳು, "ಮೊದಲ ಮೊಳ ಹೂವು ಅವ್ವಂಗೆ ಕೊಟ್ರೇನೇ ನನಗೆ ಯಾಪಾರ, ನೂರು ಹೆಜ್ಜೆ ಆಚೆ ನಿಂತು ಎಸೀಲಾ?" ಎಂದು ನನ್ನನ್ನೇ ಕೇಳಿದಳು. ಹಾಲಿನವನು, ಇಸ್ತ್ರಿಯವನು, ಎದುರುಮನೆಯ ಮೇಷ್ಟ್ರು, ಯಾರನ್ನು ಕೇಳಿದರೂ ಇದೇ ಕಥೆ. ಪೋಸ್ಟ್‌ಮ್ಯಾನು ಮಾತ್ರ ಸ್ವಲ್ಪ ಯೋಚಿಸಿ, "ಮಜ್ಜಿಗೆ ಯಾರು ಕೊಡ್ತಾರೆ ಸಾರ್ ಬಿಸಿಲಲ್ಲಿ?" ಅಂದ. ಒಂದು ಕಡೆ ಹೊಟ್ಟೆ ಉರಿಯಿತು, ಇನ್ನೊಂದು ಕಡೆ ಎದೆ ಉಬ್ಬಿತು. ನಾನು ಸರಪಳಿ ಎಳೆಯುತ್ತ ಊರೂರು ಸುತ್ತುವಾಗ ಇವಳು ಕೂತಲ್ಲೇ ಇಷ್ಟು ಜನರನ್ನು ಸಂಪಾದಿಸಿದ್ದಳು.

ಉಳಿದದ್ದು ಒಬ್ಬಳೇ, ಪಕ್ಕದ ಮನೆಯ ಭ್ರಮರಾಂಬ. ಹನ್ನೊಂದು ವರ್ಷದ ಹಿಂದೆ ನಮ್ಮ ಕಾಂಪೌಂಡಿನಿಂದ ಬಾಗಿದ ಕರಿಬೇವಿನ ಕೊಂಬೆಯನ್ನು ಆಕೆ ಕಡಿಸಿದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಪಂಕಜಾಕ್ಷಿ ಬಟ್ಟೆ ಹರವಲು ಬಂದರೆ ಭ್ರಮರಾಂಬ ಬಾಗಿಲು ದಢಾರನೆ ಹಾಕುತ್ತಾಳೆ, ಭ್ರಮರಾಂಬ ರಂಗೋಲಿ ಹಾಕುವಾಗ ಇವಳು ಗಂಟಲು ಸರಿಪಡಿಸಿಕೊಳ್ಳುತ್ತಾಳೆ. ಈಕೆ ಖಂಡಿತ ಒಪ್ಪುತ್ತಾಳೆ, ಒಪ್ಪಿ ಸಿಹಿಯನ್ನೂ ಹಂಚುತ್ತಾಳೆ ಅಂದುಕೊಂಡೆ. ಮದುವೆಗೆ ಮೂರು ದಿನವಿರುವಾಗ ರಾಗಿ ಬೀಸಿಸಲು ಗಿರಣಿಗೆ ಬಂದವಳನ್ನು ನಿಲ್ಲಿಸಿ ವಿಷಯ ಹೇಳಿದೆ.

ಭ್ರಮರಾಂಬ ರಾಗಿಯ ಡಬ್ಬಿಯನ್ನು ಕೆಳಗಿಟ್ಟಳು. "ಏನಂದ್ರಿ? ನಾನು ಅವಳಿಂದ ನೂರ ಹನ್ನೆರಡು ಹೆಜ್ಜೆ ದೂರ ಇರ್ಬೇಕಾ?"

"ಹೇಗೂ ನಿಮಗಿಬ್ರಿಗೂ ಮಾತಿಲ್ವಲ್ಲಮ್ಮ" ಅಂದೆ.

"ಮಾತಿಲ್ಲ ಅನ್ನೋದು ಅವಳಿಗೆ ಗೊತ್ತಾಗೋದು ಬೇಡ್ವೇನ್ರೀ? ಅಷ್ಟು ದೂರದಿಂದ ನಾನು ಬಾಗಿಲು ಹಾಕಿದ್ರೆ ಅವಳಿಗೆ ಕೇಳಿಸುತ್ತಾ? ಅವಳು ಕೆಮ್ಮಿದ್ದು ನನಗೆ ಕೇಳಿಸುತ್ತಾ? ಬೆಳಗಾದ್ರೆ ನಾನು ಯಾರ ಮುಖ ನೋಡಿ ಮುಖ ತಿರುಗಿಸ್ಲಿ?" ಅವಳ ಕಣ್ಣಲ್ಲಿ ನೀರು ಬಂದಿತ್ತು. "ಮನೆಯವ್ರು ಹೋದ್ಮೇಲೆ ನನಗಿರೋದು ಆ ಗೋಡೆ ಪಕ್ಕದ ಸದ್ದೊಂದೇ. ಅದನ್ನೂ ಕಿತ್ಕೊಳ್ಳೋಕೆ ಬಂದ್ರಾ? ನೀವಲ್ಲ, ಅವಳನ್ನೇ ಕೇಳ್ತೀನಿ ತಾಳಿ."

ರಾಗಿ ಡಬ್ಬಿ ಅಲ್ಲೇ ಬಿಟ್ಟು ಬೀದಿಯಲ್ಲಿ ಸರಸರನೆ ನಡೆದಳು. ಇನ್ನು ಮನೆಯ ಮುಂದೆ ರಂಪವಾಗುತ್ತದೆಂದು ನಾನು ಜಗಲಿಯಿಂದ ಎದ್ದೆ, ಎದ್ದು ಏನು ಮಾಡಲಿ. ದೂರದಲ್ಲಿ ನಮ್ಮ ಬಾಗಿಲು ತೆರೆಯಿತು. ಪಂಕಜಾಕ್ಷಿ ಹೊರಬಂದಳು. ಇಬ್ಬರೂ ಎದುರುಬದುರು ನಿಂತರು, ಕೈ ಬೀಸಿ ಮಾತಾಡಿದರು. ಹನ್ನೊಂದು ವರ್ಷದ ಮಾತು, ಬೇಗ ಮುಗಿಯಲಿಲ್ಲ. ಆಮೇಲೆ ನಗು ಕೇಳಿಸಿತು. ಪಂಕಜಾಕ್ಷಿ ಬಾಗಿ ಬಾಗಿ ನಗುತ್ತಿದ್ದಳು. ಮೂಗಿನ ಮೇಲೆ ಕೈ ಇರಲಿಲ್ಲ, ಎರಡೂ ಕೈ ಭ್ರಮರಾಂಬನ ಹೆಗಲ ಮೇಲಿದ್ದವು. ಇಬ್ಬರೂ ಒಳಗೆ ಹೋದರು.

ಅಭ್ಯಾಸಬಲದಿಂದ ಕಾಲು ಮುಂದಿಟ್ಟು ನೋಡಿದೆ. ನಾಲ್ಕು ಹೆಜ್ಜೆ ಹೋಯಿತು. ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿದ್ದಾಳೆ ಅಂದುಕೊಂಡೆ. ಏಳು, ಎಂಟು. ಹತ್ತು. ಹಿತ್ತಲಿಗೆ ಯಾಕೆ ಹೋದಳು ಈಗ? ಹನ್ನೊಂದು. ನಾನು ನಿಂತೆ. ಹಿತ್ತಲಿನಾಚೆ ಗೋಡೆ, ಅದರಾಚೆ ಏರಿ, ಅವಳು ಹೋಗಲು ಜಾಗವೇ ಇಲ್ಲ. ಹನ್ನೆರಡು, ಹದಿಮೂರು. ಹೂವಿನವಳ ಬುಟ್ಟಿ ದಾಟಿದೆ. ಅಷ್ಟರಲ್ಲಿ ನನಗೆ ಅರ್ಥವಾಗಿ, ಎಡಮಂಡಿಯನ್ನು ಮರೆತು ಓಡಿದೆ. ಅರವತ್ತು ವರ್ಷದವನು ಹಗಲಿನಲ್ಲಿ ಬೀದಿಯಲ್ಲಿ ಅಳುತ್ತ ಓಡುವುದನ್ನು ಊರೆಲ್ಲ ನೋಡಿತು, ನೋಡಲಿ.

ಭ್ರಮರಾಂಬ ನಡುಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಳು. ಮೇಜಿನ ಮೇಲೆ ಕ್ಯಾಮೆರಾ ಇತ್ತು. "ಬಂದ್ರಾ, ಕಾಲು ತೊಳ್ಕೊಳ್ಳಿ" ಅಂದಳು ಪಂಕಜಾಕ್ಷಿ, ನಾನು ಅಂಗಡಿಗೆ ಹೋಗಿ ಬಂದವನಂತೆ. ನಾನು ಕಾಲು ತೊಳೆಯಲಿಲ್ಲ, ಹೋಗಿ ಅವಳ ಕೈ ಹಿಡಿದುಕೊಂಡೆ.

"ಯಾಕೆ ಅಳಿಸ್ದೆ?"

"ಒಬ್ರೂ ನನ್ನಿಂದ ದೂರ ಹೋಗೋಕೆ ಒಪ್ಲಿಲ್ವಲ್ರೀ. ಇವಳು ಸೈತ. ಅಷ್ಟು ಜನ ಇಷ್ಟು ಹತ್ರದಿಂದ ನೋಡ್ತಿದ್ರೂ ಬೇಜಾರಾಗದೆ ಇರೋ ಮೂಗು, ಎಷ್ಟಿದ್ರೇನು ಬಿಡಿ" ಅಂದಳು. ಹೇಳಿದಳೇನೋ ಹೌದು, ಆದರೆ ಕ್ಯಾಮೆರಾದ ಕಡೆ ಒಮ್ಮೆ ನೋಡಿದಳು. ಆ ನೋಟವನ್ನು ನಾನು ಮರೆತಿಲ್ಲ.

"ಅದು ಮೊದಲಿಂದ್ಲೂ ಸರಿಯಾಗೇ ಇದೆ" ಅಂದೆ. "ಹೆಣ್ಣು ನೋಡೋಕೆ ಬಂದಾಗ್ಲೇ ನನಗೆ ಗೊತ್ತಿತ್ತು."

"ಮತ್ತೆ ಇಪ್ಪತ್ತೊಂಬತ್ತು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ರಿ?" ಎಂದು ಕೇಳಿದ್ದು ಭ್ರಮರಾಂಬ. ನಾನು ಕಾಲು ತೊಳೆಯಲು ಹೋದೆ.

ಧಾರೆ ಚೆನ್ನಾಗಿ ನಡೆಯಿತು. ಸಿಂಚನಳ ಕೈ, ಅಳಿಯನ ಕೈ, ಕೆಳಗೆ ನನ್ನ ಕೈ. ಪಂಕಜಾಕ್ಷಿ ಗಿಂಡಿಯಿಂದ ಹಾಲು ಎರೆಯುವಾಗ ಅವಳ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ಜಬ್ಬಾರ್ ಸಾಹೇಬರು ಒಂದು ಮೊಳ ದೂರದಿಂದ ಒಬ್ಬೊಬ್ಬರನ್ನೇ ತೆಗೆದರು. ಆಲ್ಬಂ ತುಂಬ ಮೂಗುಗಳು. ಪಂಕಜಾಕ್ಷಿ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ದೊಡ್ಡ ಲೆನ್ಸನ್ನು ಪೋಸ್ಟ್‌ಮ್ಯಾನು ಆಸೆಪಟ್ಟು ತೆಗೆದುಕೊಂಡ, ಅವನ ದಾರಿಯಲ್ಲಿ ಹೊಸ ನಾಯಿ ಬಂದಿದೆ. ನಾನು ಸಾಹೇಬರ ಹತ್ತಿರ ಆ ಗಿಡ್ಡ ಮೂವತ್ತೈದನ್ನೇ ತಂದು ಹಾಕಿಕೊಂಡೆ. ದಿನಾ ಓಡಾಡಲು ಅದೇ ಸರಿ. ಹುಣಸೆಮರ ಬೇಕಾದರೆ ಹುಣಸೆಮರದ ಬುಡಕ್ಕೇ ಹೋಗುತ್ತೇನೆ, ದಾರಿಯಲ್ಲಿ ನಾಲ್ಕು ಜನ ಸಿಗುತ್ತಾರೆ, ಮಾತಾಗುತ್ತದೆ.

ಆದರೆ ಸಂಜೆ ಐದಕ್ಕೆ ಕ್ಯಾಮೆರಾವನ್ನು ಮನೆಯಲ್ಲೇ ಬಿಟ್ಟು ಏರಿಯ ಮೇಲೆ ಹೋಗಿ ಅದೇ ಕಲ್ಲಿನ ಹತ್ತಿರ ನಿಲ್ಲುತ್ತೇನೆ. ಪಂಕಜಾಕ್ಷಿ ಬಟ್ಟೆ ತೆಗೆಯಲು ತಾರಸಿಗೆ ಬರುತ್ತಾಳೆ. ಬರಿಗೈಯಲ್ಲಿ ನಿಂತ ಮುದುಕನನ್ನು ನೋಡಿ ನಗುತ್ತಾಳೆ. ನಾನು ಕಣ್ಣು ಕಿರಿದು ಮಾಡಿ ನೋಡಬಹುದಾದಷ್ಟು ನೋಡಿಕೊಂಡು, ನೂರ ಹನ್ನೆರಡೂ ಹೆಜ್ಜೆಯನ್ನು ಮನಸ್ಸಿನಲ್ಲೇ ಎಣಿಸಿ ಮನೆಗೆ ಬರುತ್ತೇನೆ.

"ಇವತ್ತು ಹೆಂಗಿದ್ದೆ?" ಎಂದು ಅವಳು ಬಟ್ಟೆ ಮಡಿಸುತ್ತ ಕೇಳುತ್ತಾಳೆ. ಗಾಳಿಗೆ ಕೂದಲು ಹೇಗೆ ಹಾರಿತು, ಬಿಸಿಲು ಯಾವ ಕೆನ್ನೆಯ ಮೇಲೆ ಬಿತ್ತು, ನಕ್ಕಾಗ ಕಣ್ಣು ಹೇಗೆ ಸಣ್ಣದಾಯಿತು, ಒಂದನ್ನೂ ಬಿಡದೆ ಹೇಳುತ್ತೇನೆ.

"ಮೂಗು?"

"ಸರಿಯಾಗಿದೆ" ಅನ್ನುತ್ತೇನೆ. ಮೂವತ್ತೊಂದು ವರ್ಷ ಊರು ಅಳೆದವನ ಮಾತು, ಅವಳು ನಂಬುತ್ತಾಳೆ.